ತಲೆಕೆಳಗಾಗಿ ತೂಗುಹಾಕಿದ ಕಾರ್ಡು

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ದೊಡ್ಡಮ್ಮನಿಗೆ ಒಂದೇ ಹಟ: ಪರರ ಮಾತು ಓದಬಾರದು. ಪೋಸ್ಟ್ ಕಾರ್ಡು ಅಂದರೆ ಬಾಗಿಲಿಲ್ಲದ ಮನೆ, ಕಣ್ಣು ತಾನಾಗಿ ಒಳಗೆ ನುಗ್ಗುತ್ತದೆ. ಅದಕ್ಕೇ ಬರಹದ ಕಡೆ ಕಂಡರೆ ಸಾಕು, ಕಾರ್ಡನ್ನು ತಲೆಕೆಳಗು ಮಾಡಿಬಿಡುತ್ತಿದ್ದಳು. ಆಗ ನೋಡಬೇಕಿತ್ತು! ಒಬ್ಬರ ಅಕ್ಷರ ಇರುವೆ ಸಾಲು, ಇನ್ನೊಬ್ಬರದು ಒಣಹಾಕಿದ ಬಟ್ಟೆ, ಜಾಗ ಸಾಲದೆ ಅಂಚಿನಗುಂಟ ಸುತ್ತಿದ್ದು ಹೂಬಳ್ಳಿ! "ನಮ್ಮಕ್ಕನಿಗೆ ದಿನಾ ಪುಕ್ಕಟೆ ಚಿತ್ರಪ್ರದರ್ಶನ," ಅಂತ ಜೊತೆಯವರು ಕಾಲೆಳೆಯುತ್ತಿದ್ದರು.

ಒಮ್ಮೆ ಒಂದು ಕಾರ್ಡಿನ ವಿಳಾಸ ನೀರು ಬಿದ್ದು ಅಳಿಸಿಹೋಗಿತ್ತು. ಅಂಥದ್ದನ್ನು ಮಾತ್ರ ಓದಿ, ಬರೆದವರ ವಿಳಾಸ ಹುಡುಕಬೇಕು, ಸಿಗದಿದ್ದರೆ ಹರಿಯಬೇಕು ಅಂತ ನಿಯಮ. ದೊಡ್ಡಮ್ಮ ಓದಲಿಲ್ಲ. ಹರಿಯಲಿಕ್ಕೂ ಕೈ ಬರಲಿಲ್ಲ. ತಲೆಕೆಳಗು ಹಿಡಿದರೆ ಪ್ರತಿ ಸಾಲೂ ಬೆರಳಗಲ ಒಳಕ್ಕೆ ಸರಿದು ನೀಲಿ ಮೆಟ್ಟಿಲು, ಮೇಲ್ತುದಿಯಲ್ಲಿ ಒಂದು ಶಾಯಿ ಚುಕ್ಕೆ, ಹತ್ತಿ ಬಂದು ನಿಂತ ಮನುಷ್ಯನಂತೆ. ಮೂಲೆಯಲ್ಲಿ ನಾಲ್ಕು ಗಿಡ್ಡ ಸಾಲುಗಳ ಕಿಟಕಿ. ಮನೆಗೆ ತಂದು, ಗಾಜು ಹಾಕಿಸಿ, ತಲೆಕೆಳಗಾಗಿಯೇ ತೂಗುಹಾಕಿದಳು.

ಅಲ್ಲಿಂದ ಶುರುವಾಯಿತು ನೋಡಿ! ಕಸ ಗುಡಿಸುವಾಗ ಬೆನ್ನಿಗೆ ಯಾರೋ ದೃಷ್ಟಿ ನೆಟ್ಟ ಹಾಗೆ. ಮಟಮಟ ಮಧ್ಯಾಹ್ನ ಬಾಗಿಲು ತಟ್ಟಿದ ಹಾಗೆ. ತೆಗೆದರೆ ನರಪಿಳ್ಳೆಯೂ ಇಲ್ಲ. ಹೀಗೇ ಇಪ್ಪತ್ತೆರಡು ವರ್ಷ.

ಮೊನ್ನೆ ಬಂದ ತಂಗಿಯ ಮಗಳು ಗೋಡೆ ಮುಂದೆ ಕುಣಿದಾಡಿಬಿಟ್ಟಳು. "ದೊಡ್ಡಮ್ಮಾ, ಸಖತ್ತಾಗಿದೆ! ಥೇಟ್ ಪೇಂಟಿಂಗು! ಆದ್ರೆ ಉಲ್ಟಾ ಯಾಕೆ ಹಾಕಿದೀಯ?"

"ಉಲ್ಟಾನೇ ಇರ್ಲಿ. ಮುಟ್ಬೇಡ ಕಣೇ!"

ಅಷ್ಟರಲ್ಲಿ ಹುಡುಗಿ ತಿರುಗಿಸಿಯೂ ಆಗಿತ್ತು, ಓದಿಯೂ ಆಗಿತ್ತು. ಅವಳ ನಗು ನಿಂತಿತು.

"'ಅಕ್ಕಾ, ತಪ್ಪು ನಂದೇ. ಬಾ ಅಂತ ಒಂದು ಮಾತು ಬರೆ, ಹೊರಟು ಬರ್ತೀನಿ. ಉತ್ತರ ಬರದಿದ್ರೆ ನಿನ್ನ ಪಾಲಿಗೆ ನಾನು ಸತ್ತೆ ಅಂದ್ಕೋತೀನಿ.' ಮೂಲೇಲಿ ಅಡ್ರೆಸ್ ಇದೆ, ದೊಡ್ಡಮ್ಮಾ."

ಕಿಟಕಿ ಅಂದುಕೊಂಡದ್ದೇ ವಿಳಾಸ! ನೆಟ್ಟಗಾದ ಕಾರ್ಡಿನಲ್ಲಿ ಚುಕ್ಕೆ ಕಟ್ಟಕಡೆಯ ಮೆಟ್ಟಿಲ ಕೆಳಗಿತ್ತು. ಹತ್ತಿ ಬಂದವರಲ್ಲ, ಇಳಿದು ಹೋದವರು.

ದೊಡ್ಡಮ್ಮ ಹೊಸ ಕಾರ್ಡು ತೆಗೆದು ಆ ವಿಳಾಸಕ್ಕೆ ಬರೆದಳು: "ನಿಮ್ಮಕ್ಕ ಬೇಡ ಅಂದಿಲ್ಲ. ಕಾರ್ಡು ಅವರಿಗೆ ತಲುಪಲೇ ಇಲ್ಲ. ಇಟ್ಟುಕೊಂಡವಳು ನಾನು." ಕೆಳಗೆ ತನ್ನ ವಿಳಾಸ. ಸಾಲುಗಳು ಏರಿ ಇಳಿದು ಅಲೆಯಾದವು.

"ಕವರ್ ತರ್ಲಾ?"

"ಬೇಡ. ದಾರೀಲಿ ಓದೋರು ಓದ್ಲಿ. ತಲುಪಿದ್ರೆ ಸಾಕು."

"ಅಲ್ಲಿ ಈಗ ಯಾರೂ ಇಲ್ದಿದ್ರೆ?"

"ಇದ್ರೆ?"

ಈಗಲೂ ಮಧ್ಯಾಹ್ನ ಬಾಗಿಲು ತಟ್ಟಿದ ಹಾಗೆ ಕೇಳುತ್ತದಂತೆ. ದೊಡ್ಡಮ್ಮ ಕೈಯಲ್ಲಿದ್ದ ಪೊರಕೆ ಬಿಸಾಕಿ ತೆಗೆಯಲು ಓಡುತ್ತಾಳೆ.