ಬೀರವ್ವನ ಮುಂದಿನ ಸೀಟು

ಮಿರಜಿನ ಕಡೆಯ ಕಸಬೆ ಡಿಗ್ರಜ ಎಂಬ ಊರಿನ ಹೊರಗೆ, ಕಬ್ಬು ಕಡಿದು ಖಾಲಿ ಬಿದ್ದ ಹೊಲದ ಮೇಲೆ ಮಂಜು ಇನ್ನೂ ಕೂತೇ ಇದೆ. ಬೀರವ್ವ ಮಾತ್ರ ಆಗಲೇ ಸಂಸಾರವನ್ನೆಲ್ಲ ಕುದುರೆಯ ಮೇಲೆ ಹೇರಿ ಮುಗಿಸುತ್ತಿದ್ದಾರೆ. ತಳಕ್ಕೆ ಕಂಬಳಿ, ಅದರ ಮೇಲೆ ಹಿಟ್ಟಿನ ಚೀಲ, ಎರಡೂ ಪಕ್ಕಕ್ಕೆ ಪಾತ್ರೆಯ ಗಂಟು, ತುದಿಗೆ ಕೋಳಿಬುಟ್ಟಿ. ಹಗ್ಗ ಬಿಗಿಯಲು ಬಗ್ಗಿದಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ಬೀರವ್ವ ಕುದುರೆಗೆ ಬೈಯುತ್ತಾರೆ. ಕುದುರೆ ಚಂದ್ರಿ ಏನೂ ಮಾಡಿಲ್ಲ, ಸುಮ್ಮನೆ ನಿಂತಿದೆ.

"ನಾ ಬೈಯೂದು ತನಗಲ್ಲ ಅಂತ ಚಂದ್ರಿಗೆ ಗೊತ್ತೈತ್ರಿ. ಬೈಸ್ಕೋಬೇಕಾದಾವ್ರು ಇನ್ನೂ ಎದ್ದಿಲ್ಲ," ಎನ್ನುತ್ತಾರೆ.

ಏಳದವರು ಗಂಡ ಜ್ಯೋತೆಪ್ಪ ಮತ್ತು ಮಗ ಅಮೋಲ. ದಿನಾ ಕುದುರೆಯ ಮೇಲೆ ಕೂರುವ ಎಳೆಯ ಕುರಿಮರಿಗಳು ಇವತ್ತು ನೆಲದ ಮೇಲೆ ಬುಟ್ಟಿಯಲ್ಲೇ ಇವೆ. ಪಕ್ಕದಲ್ಲಿ ಒಂದು ಬಕೆಟ್ಟನ್ನು ಬೋರಲು ಹಾಕಿ ಇಟ್ಟಿದ್ದಾರೆ. ಕುಪವಾಡದಿಂದ ಒಂದು ಗಾಡಿ ಬರಬೇಕು. ಅದು ಬರುವುದಕ್ಕೆ ಮುಂಚೆ ಈಕೆಯ ಕಥೆ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಗಾಡಿ ಬಂದ ಮೇಲೆ ಈ ಮನೆಯಲ್ಲಿ ಯಾರೂ ಬೇರೆ ಮಾತಾಡುವುದಿಲ್ಲ.

ಜತ್ತ ಕಡೆಯ ಗಡಿಯ ಹಳ್ಳಿ ಇವರದು. ಮಳೆಗಾಲ ಊರಿನಲ್ಲಿ ಕಳೆದು, ದೀಪಾವಳಿ ಮುಗಿದ ಮೇಲೆ ಇನ್ನೂರರಷ್ಟು ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಬರುತ್ತಾರೆ. ಕುರಿ ಮಲಗಿದ ಹೊಲಕ್ಕೆ ಗೊಬ್ಬರ ಬೀಳುತ್ತದೆಂದು ರೈತರು ಕರೆಯುತ್ತಾರೆ. ಒಂದು ಹೊಲದಲ್ಲಿ ಎರಡು ರಾತ್ರಿ, ಇನ್ನೊಂದರಲ್ಲಿ ಮೂರು. ಪ್ರತಿ ಸಲವೂ ಇಡೀ ಮನೆ ಕಿತ್ತು ಐದಾರು ಕಿಲೋಮೀಟರು ಆಚೆ ಹೂಡಬೇಕು. ಕಟ್ಟುವುದು, ಹೇರುವುದು, ಇಳಿಸುವುದು, ಬಲೆ ಕಟ್ಟಿ ಕುರಿ ಕೂಡುವುದು, ನೀರು ಹುಡುಕುವುದು, ರೊಟ್ಟಿ ತಟ್ಟುವುದು, ಕುಂಟುವ ಮರಿಗೆ ಅರಿಶಿನ ಹಚ್ಚುವುದು, ಎಲ್ಲ ಬೀರವ್ವನ ಪಾಲು. ಮದುವೆಯಾದ ವರ್ಷದಿಂದ ಹೀಗೇ. ದಾರಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಗೆ ಮಾತ್ರ ಕಾಣುವುದು ಜ್ಯೋತೆಪ್ಪನ ಕೆಂಪು ರುಮಾಲು ಮತ್ತು ಕೈಯಲ್ಲಿರುವ ಕೋಲು. ಹಿಂದೆ ಧೂಳಿನಲ್ಲಿ ಕುದುರೆ ಹಿಡಿದು ಬರುತ್ತಿರುವ ಹೆಂಗಸು ಫೋಟೋದಲ್ಲಿ ಬಿದ್ದರೆ ಪಕ್ಕಕ್ಕೆ ಸರಿಯಲು ಹೇಳುತ್ತಾರಂತೆ. ಇಂಥ ಪುಣ್ಯಾತ್ಮರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

"ಇಷ್ಟು ವರ್ಷ ಕುದರಿ ಮ್ಯಾಲ ಎಲ್ಲಾ ಹೇರೀನ್ರಿ. ಕೋಳಿ ಹೇರೀನಿ, ಕೂಸು ಹೇರೀನಿ. ನಾ ಒಬ್ಬಾಕಿನ ಅದರ ಮ್ಯಾಲ ಕುಂತಿಲ್ಲ," ಎನ್ನುತ್ತಾರೆ ಬೀರವ್ವ.

ಕಳೆದ ಮಳೆಗಾಲದಲ್ಲಿ ಮಿರಜಿನ ಡಾಕ್ಟರು ಇವರ ಮೊಣಕಾಲು ಒತ್ತಿ ನೋಡಿ, ಇನ್ನು ಮೇಲೆ ಇಷ್ಟು ನಡೆಯಬಾರದು ಎಂದರು. ಜ್ಯೋತೆಪ್ಪ ಅಲ್ಲೇ, ದವಾಖಾನೆಯ ಬಾಗಿಲಲ್ಲೇ ಪರಿಹಾರ ಹೇಳಿಬಿಟ್ಟರು: ಹಾಗಾದರೆ ನೀನು ಊರಲ್ಲಿ ಇರು. ಅವರ ಪ್ರಕಾರ ಅದು ಪ್ರೀತಿಯ ಮಾತು. ಬೀರವ್ವನಿಗೆ ಅದು ಕೆಲಸದಿಂದ ತೆಗೆದುಹಾಕಿದ ಹಾಗೆ ಕೇಳಿಸಿತು. ಅವತ್ತಿನಿಂದ ಕಾಲು ನೋಯುತ್ತದೆ ಎಂದು ಬಾಯಿ ಬಿಟ್ಟಿಲ್ಲ. "ಊರಾಗ ಕುಂತು ಏನ್ ಮಾಡ್ಲಿ? ಗ್ವಾಡಿ ಕಾಯ್ಲಿ?" ಎಂದು ಕೇಳುವಾಗ ಅವರ ದನಿ ಗಟ್ಟಿಯಾಗುತ್ತದೆ, ಕಣ್ಣು ಮಾತ್ರ ಬೇರೆ ಕಡೆ ನೋಡುತ್ತದೆ.

ಈ ಹೊತ್ತಿಗೆ ಮನೆಯಲ್ಲಿ ಗಾಡಿಯ ಮಾತು ಬಂತು. ಕುಪವಾಡದಲ್ಲಿ ಸಣ್ಣ ಲೇತ್ ಕಾರಖಾನೆ ನಡೆಸುವ ಭೂಪಾಲ ಎಂಬವರು ಗುಡ್ಡ ಹತ್ತುವ ಶೋಕಿಗೆ ಕೊಂಡ ಫೋರ್ ಬೈ ಫೋರ್ ಅದು. ಆಳೆತ್ತರದ ಗಾಡಿ, ಹೊಳೆಯಲ್ಲಿ ಮುಳುಗಿದರೂ ಉಸಿರಾಡಲು ಆನೆ ಸೊಂಡಿಲಿನಂಥ ಪೈಪು, ತಲೆಯ ಮೇಲೆ ಸಾಲು ದೀಪ. ಅವರ ಮನೆಯವರಿಗೆ ಅದನ್ನು ಹತ್ತುವುದೇ ಆಗಲಿಲ್ಲವಂತೆ, ಅದಕ್ಕೆ ಮಾರಾಟಕ್ಕೆ ಇಟ್ಟರು. ಅಮೋಲ ವಿಡಿಯೋ ತಂದು ತೋರಿಸಿದ. ಮರಾಠಿ ಶಾಲೆಯಲ್ಲಿ ಓದಿದ ಹುಡುಗ, ಕನ್ನಡ ಅವನ ಬಾಯಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. "ಅವ್ವಾ, ಗಾಡಿ ಏಕದಮ್ ಭಾರೀ ಐತಿ. ಫ್ಯಾಮಿಲೀಸಾಠೀ," ಎಂದ, ಅಂದರೆ ಮನೆಮಂದಿಗೆಲ್ಲ ಆಗುತ್ತದೆ ಎಂದು. ಕುದುರೆಯ ಕೆಲಸ ಅದು ಮಾಡುತ್ತದೆ, ಅವ್ವನ ಕಾಲಿಗೆ ನಡೆಯುವುದು ತಪ್ಪುತ್ತದೆ, ಅಜ್ಜಿಯನ್ನು ದವಾಖಾನೆಗೆ ಒಯ್ಯಬಹುದು, ಬೀಗರ ಊರಿಗೆ ಹೋಗಬಹುದು. ಅಪ್ಪ ಮಗ ಇಬ್ಬರೂ ಕುಪವಾಡಕ್ಕೆ ಹೋಗಿ ಟೈರು ಒದ್ದು, ಬಾನೆಟ್ ಎತ್ತಿ, ಎಲ್ಲ ತಿಳಿದವರಂತೆ ತಲೆ ಆಡಿಸಿ ಬಂದರು. ಬೀರವ್ವ ಕೇಳಿದ್ದು ಒಂದೇ: ಅದರಲ್ಲಿ ನನ್ನ ಸೀಟು ಯಾವುದು? ಅಮೋಲ ನಕ್ಕ. ಜ್ಯೋತೆಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ವಾರ ಮೊದಲ ಪರೀಕ್ಷೆ ನಡೆಯಿತು. ಮನೆ ಕೀಳುವ ದಿನವೇ ಗಾಡಿ ತರಿಸಿದರು. ತಮ್ಮ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡಲಾರೆ ಎಂದು ಭೂಪಾಲರೇ ಓಡಿಸಲು ಕೂತರು. ದಾರಿ ತೋರಿಸಲು ಜ್ಯೋತೆಪ್ಪ ಮುಂದೆ ಕೂತರು. ಹಿಂದೆ ಅತ್ತೆ ಹಣಮವ್ವ, ಅವರ ತೊಡೆಯ ಮೇಲೆ ಕೋಳಿಬುಟ್ಟಿ, ಪಕ್ಕದಲ್ಲಿ ಮೊಬೈಲು ಹಿಡಿದ ಅಮೋಲ. ಅದರ ಹಿಂದೆ ಪಾತ್ರೆ ಪಗಡ ಮತ್ತು ಮರಿಗಳು. ಬೀರವ್ವ ಕಾಲು ಎತ್ತಿ ಇಡುವಷ್ಟರಲ್ಲಿ ಜಾಗ ಮುಗಿದಿತ್ತು. ನೀನು ಕುರಿ ಸಂಗಡ ಬಾ ಎಂದರು ಜ್ಯೋತೆಪ್ಪ. ಇನ್ನೂರು ಕುರಿ, ಒಂದು ಕುದುರೆ, ಒಂದು ನಾಯಿ, ಮೊಣಕಾಲು ನೋಯುವ ಒಬ್ಬ ಹೆಂಗಸು. ನೋಯುವ ಕಾಲಿಗೆಂದು ಬಂದ ಗಾಡಿ ನೋಯದ ಕಾಲುಗಳನ್ನೆಲ್ಲ ಹೊತ್ತುಕೊಂಡು ಕಾಲುವೆಯ ರಾಡಿ ದಾಟಿ, ದೀಪ ಮಿನುಗಿಸಿ ಹೊರಟುಹೋಯಿತು.

ಕಾಲು ಗಂಟೆಯಲ್ಲಿ ಅದು ಹೊಸ ಹೊಲ ಮುಟ್ಟಿತು. ಇತ್ತ ಕುರಿಗಳು ಬೇಲಿಯವರೆಗೆ ಹೋಗಿ ನಿಂತವು. ಮರಿ ಕಾಣದ ತಾಯಿಕುರಿಗಳು ಕೂಗಿದವು, ಕಿವಿಗೊಟ್ಟವು, ಕೊನೆಗೆ ತಿರುಗಿ ಮರಿಯನ್ನು ಕಡೆಯ ಸಲ ನೋಡಿದ್ದ ಹಳೆಯ ಹೊಲಕ್ಕೇ ಓಡಿದವು. ಅವುಗಳ ಹಿಂದೆ ಉಳಿದ ಹಿಂಡೆಲ್ಲ ಓಡಿತು. ಕುದುರೆಯ ಮೇಲಿದ್ದರೆ ಮರಿಯ ದನಿ ದಾರಿಯುದ್ದಕ್ಕೂ ತಾಯಿಯ ಕಿವಿಯಲ್ಲಿರುತ್ತದೆ, ನಡುವೆ ಇಳಿಸಿ ಹಾಲು ಕುಡಿಸಬಹುದು. ಗಾಡಿಯ ಸಡಗರದಲ್ಲಿ ಇದು ಯಾರಿಗೂ ನೆನಪಾಗಲಿಲ್ಲ. ಬೀರವ್ವ ಮೂರು ಸಲ ಹಿಂಡು ತಿರುಗಿಸಿದರು, ಮೂರು ಸಲವೂ ಅದು ಹಿಂದಕ್ಕೆ ಬಂತು. ಅಮೋಲನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅವನು ಗಾಡಿಯ ವಿಡಿಯೋ ತೆಗೆಯುತ್ತಿದ್ದ. ಅತ್ತ ಹೊಸ ಹೊಲದಲ್ಲಿ ಹಸಿದ ಮರಿಗಳು ಒಂದೇ ಸಮನೆ ಅರಚಿ, ಕೋಳಿ ಸೀಟು ಹೊಲಸು ಮಾಡಿ, ಹಣಮವ್ವ ಎಲ್ಲರಿಗೂ ಬೈದು, ಮಧ್ಯಾಹ್ನ ಗಾಡಿ ಹೋದ ದಾರಿಯಲ್ಲೇ ವಾಪಸು ಬಂತು. ಇಳಿದವರೇ ಜ್ಯೋತೆಪ್ಪ ತೀರ್ಪು ಕೊಟ್ಟರು: ನಮಗೆ ಗಾಡಿ ಒಗ್ಗುವುದಿಲ್ಲ, ಮಾತು ಮುಗಿಯಿತು. ಮುಂದಿನ ವರ್ಷ ನೀನು ಊರಲ್ಲೇ ಇದ್ದುಬಿಡು.

"ಮರಿ ಗಾಡ್ಯಾಗ ಹಾಕಿದಾಕಿ ನಾನ ರೀ. ಸುಳ್ಳು ಯಾಕ ಹೇಳ್ಲಿ? ಹೇರೂದು ತಪ್ಪಿತು ಅನ್ನೂ ಖುಷ್ಯಾಗ ತಲಿ ಓಡಲಿಲ್ಲ. ಆದ್ರ ಗಾಡಿ ಏನ್ ತಪ್ಪು ಮಾಡೇತಿ? ಅದರಾಗ ಕುಂತಾವ್ರು ತಪ್ಪು ಕುಂತಾರ," ಎನ್ನುತ್ತಾರೆ ಬೀರವ್ವ.

ಗಂಡನಿಗೆ ಹೇಳಿ ಹೇಳಿ ಸಾಕಾಗಿ, ಮಗನ ಫೋನಿನಿಂದ ನಂಬರು ತೆಗೆದುಕೊಂಡು ಬೀರವ್ವ ತಾವೇ ಭೂಪಾಲರಿಗೆ ಫೋನು ಮಾಡಿ ಇನ್ನೊಮ್ಮೆ ಬರಲು ಹೇಳಿದರು.

ಇವತ್ತು ಗಾಡಿ ಬರುತ್ತದೆ. ಬುದ್ಧಿ ಕಲಿತ ಭೂಪಾಲರು ಸೀಟಿಗೆಲ್ಲ ಪ್ಲಾಸ್ಟಿಕ್ ಹಾಸಿದ್ದಾರೆ. ಬೀರವ್ವ ಬೋರಲು ಬಕೆಟ್ಟಿನ ಮೇಲೆ ಕಾಲಿಟ್ಟು, ಬಾಗಿಲ ಹಿಡಿ ಹಿಡಿದು, ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಮರಿಗಳು ತೊಡೆಯ ಮೇಲೆ, ಕಾಲ ಬಳಿ, ಹಿಂದೆ ಹಣಮವ್ವನ ಪಕ್ಕ. ಕಿಟಕಿಗಳೆಲ್ಲ ತೆರೆದಿವೆ. ಜ್ಯೋತೆಪ್ಪ ಮುಖ ಊದಿಸಿಕೊಂಡು ಕೋಲು ಹಿಡಿದು ಮುಂದೆ ನಡೆಯುತ್ತಾರೆ. ಅಮೋಲ ಚಂದ್ರಿಯನ್ನು ಹಿಡಿದಿದ್ದಾನೆ. ಗಾಡಿ ಕುರಿಗಳ ನಡುವೆ, ಕುರಿಗಳಷ್ಟೇ ನಿಧಾನವಾಗಿ ಹೋಗಬೇಕು, ಇದು ಬೀರವ್ವನ ಅಪ್ಪಣೆ.

ಇಷ್ಟು ಸಾವಕಾಶ ಹೋದರೆ ಗಾಡಿ ಬಂದ್ ಬೀಳುತ್ತದೆ ಎಂದು ಭೂಪಾಲರು ಗೊಣಗುತ್ತಾರೆ. ಆಮೇಲೆ ಏನೋ ನೆನಪಾಗಿ, ದೊಡ್ಡ ಗೇರಿನ ಪಕ್ಕದ ಸಣ್ಣ ಗೇರು ಎಳೆಯುತ್ತಾರೆ. ಬಂಡೆ ಹತ್ತಲೆಂದು ಕೊಟ್ಟ ಗೇರು ಅದು, ಅವರು ಬಳಸಿದ್ದು ಒಂದೋ ಎರಡೋ ಸಲ. ಗಾಡಿ ಒಮ್ಮೆ ಗುರ್ ಎಂದು, ಬಂದ್ ಬೀಳದೆ ಕುರಿಯ ಹೆಜ್ಜೆಗೆ ನಡೆಯತೊಡಗುತ್ತದೆ. ಕಿಟಕಿಯಿಂದ ಮರಿ ಕೂಗುತ್ತದೆ, ಕೆಳಗಿನಿಂದ ತಾಯಿ ಉತ್ತರ ಕೊಡುತ್ತದೆ. ಹಿಂಡಿನಲ್ಲಿ ಒಂದೂ ಹಿಂದೆ ತಿರುಗಿ ನೋಡುವುದಿಲ್ಲ. ಬೇವಿನ ಮರದ ಕೆಳಗೆ ನಿಲ್ಲಿಸಿ ಹಾಲು ಕುಡಿಸುತ್ತಾರೆ. ಮತ್ತೆ ಕಾಲುವೆಯ ಬಳಿ, ಮತ್ತೆ ಮೋಟರಿನ ಮನೆಯ ಬಳಿ.

"ಮಾವಶಿ, ಹಿಂಗ ಹೊಂಟ್ರ ಡಿಝೆಲ್ ಕುಡಿದು ಹಾಕತೈತಿ ನೋಡ್ರಿ," ಎನ್ನುತ್ತಾರೆ ಭೂಪಾಲರು, ಚಿಕ್ಕಮ್ಮನಿಗೆ ಹೇಳುವ ಹಾಗೆ. ಮನೆ ಕೀಳುವ ದಿನ ಮಾತ್ರ ಹೀಗೆ, ಉಳಿದ ದಿನ ನಿಂತೇ ಇರುತ್ತದಲ್ಲ ಎಂದು ಬೀರವ್ವ ಮರಿಯ ಬೆನ್ನು ಸವರುತ್ತಾರೆ. ನಾಲ್ಕನೆಯ ಸಲ ನಿಂತಾಗ ಭೂಪಾಲರಿಗೆ ತಲೆ ಚಿಟ್ಟು ಹಿಡಿದು, ಸ್ಟಿಯರಿಂಗನ್ನು ಅಮೋಲನ ಕೈಗೆ ಕೊಟ್ಟು ಇಳಿದುಬಿಡುತ್ತಾರೆ. ಗಾಡಿಯ ಮಾಲಕರು ಕುದುರೆ ಹಿಡಿದು ಕುರಿಗಳ ಹಿಂದೆ ನಡೆಯುತ್ತಾರೆ.

ಬಿಸಿಲು ಏರುತ್ತದೆ. ಜ್ಯೋತೆಪ್ಪ ನಡಿಗೆ ಸಡಿಲಿಸಿ ಕಿಟಕಿಯ ಬಳಿ ಬರುತ್ತಾರೆ. ತುಸು ಹೊತ್ತು ತಾವೂ ಕೂರಬಹುದೇ ಎಂದು ಕೇಳುತ್ತಾರೆ.

"ಜಾಗ ಇಲ್ರಿ," ಎನ್ನುತ್ತಾರೆ ಬೀರವ್ವ. ಸಿಟ್ಟೂ ಇಲ್ಲ, ನಗುವೂ ಇಲ್ಲ.

ಜ್ಯೋತೆಪ್ಪ ಕಿಟಕಿಯ ಪಕ್ಕದಲ್ಲೇ ನಡೆಯುತ್ತಾರೆ. ಹೆಂಡತಿಯ ಕಾಲಿನ ಕಡೆ ನೋಡುತ್ತಾರೆ. ಅದು ಮರಿಗಳ ನಡುವೆ ಆರಾಮಾಗಿ ಚಾಚಿಕೊಂಡಿದೆ. ಹಾಗಾದರೆ ಗಾಡಿ ತಗೊಳ್ಳೋಣವೇ ಎಂದು ಕೇಳುತ್ತಾರೆ. ಈ ಮಾತನ್ನು ಅವರು ಈಕೆಯನ್ನು ಕೇಳಿದ್ದು ಇದೇ ಮೊದಲು.

ಇಷ್ಟು ದಿನ ಕಾಯಿಸಿದವರು ಸ್ವಲ್ಪ ಕಾಯಲಿ ಎಂಬಂತೆ ಬೀರವ್ವ ಕಿಟಕಿಯಿಂದ ಹಿಂದಕ್ಕೆ ಬಗ್ಗಿ ಹಿಂಡನ್ನು ನೋಡುತ್ತಾರೆ.

"ತಗೋರಿ," ಎನ್ನುತ್ತಾರೆ. "ಇವತ್ತ ಒಂದ್ ಮರಿನೂ ತಾಯಿನ್ನ ಬಿಟ್ಟು ಅಗಲಿಲ್ಲ. ನಾನೂ ಕುರಿ ಬಿಟ್ಟು ಅಗಲಿಲ್ಲ."