ಹರ್ನಿಯಾ ಎಂದು ಹೇಳಿದ್ದೆವು

ಆ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಮೇಜಿನ ಆಚೆ ಸರ್ಜನ್ ಡಾಕ್ಟರರು. ವಿದೇಶದಲ್ಲಿ ಕಲಿತು ಬಂದ ಮರಾಠಿ ಮನುಷ್ಯ, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವವರು. ಅವರ ಪಕ್ಕದಲ್ಲಿ ನಿಂತದ್ದು ನರ್ಸಮ್ಮ, ನಮ್ಮ ಮಂಗಳೂರು ಕಡೆಯವರು. ಈಚೆ ನನ್ನ ಹೆಂಡತಿ, ಸೆರಗನ್ನು ಹೆಗಲು ತುಂಬ ಹೊದ್ದುಕೊಂಡು ಕೂತಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ನಾನು. ಇಡೀ ಕುರ್ಚಿ ನನ್ನದೇ ಆದರೂ ತುದಿಯಲ್ಲಿ ಮಾತ್ರ ಕೂತಿದ್ದೆ.

ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಎರಡು ಕಡ್ಡಿ. ಗಂಜಿತಿಳಿಯ ಬಣ್ಣ, ಕಿರುಬೆರಳಿಗಿಂತ ತುಸು ಸಪೂರ, ಒಂದು ತುದಿ ಮೊನಚು. ನೋಡುವುದಕ್ಕೆ ರಬ್ಬರಿನ ಹಾಗೆ, ಆದರೆ ರಬ್ಬರಲ್ಲ, ಸಿಲಿಕೋನ್ ಎಂದರು. ರೋಗಿಗಳಿಗೆ ತೋರಿಸುವುದಕ್ಕೆಂದು ಇಟ್ಟುಕೊಂಡ ನಮೂನೆ. ನನಗೆ ಅದನ್ನು ದಿಟ್ಟಿಸಿ ನೋಡುವ ಧೈರ್ಯ ಇರಲಿಲ್ಲ. ನನ್ನ ಹೆಂಡತಿ ಮಾತ್ರ ಕೈ ಚಾಚಿ ಒಂದನ್ನು ಎತ್ತಿಕೊಂಡಳು. ಎತ್ತಿಕೊಂಡವಳು, ಮಲಾಡ್ ಮಾರ್ಕೆಟಿನಲ್ಲಿ ಬೆಂಡೆಕಾಯಿಯ ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಚಟ್ ಎಂದು ಮುರಿದು ನೋಡುತ್ತಾಳಲ್ಲ, ಹಾಗೆಯೇ ಒತ್ತಿದಳು.

"ಅರೆ ಬಾಯಿ, ಅರೆ ಬಾಯಿ! ತೋಡೋ ಮತ್!" ಡಾಕ್ಟರರು ಅರ್ಧ ಎದ್ದರು. "ಅಮೆರಿಕಾದಿಂದ ತರಿಸಿದ್ದು!"

"ಮುರಿಯಬೇಡಿ ಅಂತೆ ಅಕ್ಕ," ಎಂದರು ನರ್ಸಮ್ಮ.

"ಮುರಿಯಲಿಕ್ಕಲ್ಲ. ಎಳತೋ ಬಲಿತದ್ದೋ ನೋಡಿದೆ, ಅಷ್ಟೆ," ಎಂದಳು ಇವಳು. ಆಮೇಲೆ ಕಡ್ಡಿಯನ್ನು ಬಟ್ಟೆಯ ಮೇಲೆ ಮೆಲ್ಲ ಇಟ್ಟು, ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ತಾನೇ ಕೇಳಿದಳು. "ಇದನ್ನು ಒಳಗೆ ಇಟ್ಟ ಮೇಲೆ, ಮೊದಲಿನ ಹಾಗೆ ಮೆತ್ತಗಾಗುವುದು ಯಾವಾಗ?"

ನರ್ಸಮ್ಮ ಅದನ್ನು ಹಿಂದಿಯಲ್ಲಿ ಕೇಳಿದರು. ಡಾಕ್ಟರರು ಕನ್ನಡಕ ಒರೆಸಿದರು. "ಕಭೀ ನಹೀ."

ಯಾವತ್ತೂ ಇಲ್ಲವಂತೆ. ಬೇಡದಾಗ ಕೆಳಗೆ ಬಗ್ಗಿಸಿ ಇಟ್ಟುಕೊಳ್ಳುವುದು, ಬೇಕಾದಾಗ ಮೇಲೆತ್ತುವುದು, ಅಷ್ಟೇ. ಒಳಗಿನ ಗಟ್ಟಿತನ ಎಷ್ಟು ಹೊತ್ತಿಗೂ ಹಾಗೇ ಇರುತ್ತದೆ.

"ದೇವಸ್ಥಾನಕ್ಕೆ ಹೋಗುವಾಗಲೂ?" ಎಂದಳು ಇವಳು.

ಆ ಮಾತನ್ನು ನರ್ಸಮ್ಮ ಹಿಂದಿಗೆ ತರಲಿಲ್ಲ. ಕಿಟಕಿಯ ಪರದೆ ಸರಿಪಡಿಸಲು ಹೋದರು.

ಆ ಕೋಣೆಯವರೆಗೆ ನಾವು ಹೇಗೆ ಬಂದೆವು ಎಂದು ಹೇಳಬೇಕು. ನಾನು ವಿಲೆ ಪಾರ್ಲೆಯಲ್ಲಿ, ಸ್ಟೇಷನ್ನಿನಿಂದ ಕಾಣುವಷ್ಟು ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲದ ಮೇಲೆ ಕೂತು ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತಿದ್ದೆ. ಹೋಟೆಲಿನವರ ಸಂಸಾರ ಆಗ ಹೇಗಿತ್ತು ಅಂದರೆ, ಗಂಡ ಬೊಂಬಾಯಿಯಲ್ಲಿ, ಹೆಂಡತಿ ಊರಿನಲ್ಲಿ, ಮೇ ತಿಂಗಳ ರಜೆಯಲ್ಲಿ ಮಾತ್ರ ಇಬ್ಬರೂ ಒಂದೇ ಚಾಪೆಯಲ್ಲಿ. ನನ್ನ ಹೆಂಡತಿ ವರ್ಷಗಟ್ಟಲೆ ನನ್ನ ಅಮ್ಮನನ್ನು ನೋಡಿಕೊಂಡು ಊರಲ್ಲೇ ಇದ್ದಳು. ಈ ನಡುವೆ ನನಗೆ ಸಕ್ಕರೆ ಕಾಯಿಲೆ ಹತ್ತಿತು. ಅದರ ಹಿಂದೆಯೇ ಗಂಡಸುತನದ ಇನ್ನೊಂದು ತೊಂದರೆಯೂ ಬಂತು. ಆ ಎರಡಕ್ಕೂ ಸಂಬಂಧ ಉಂಟು ಎಂದು ನನಗೆ ಯಾರು ಹೇಳಬೇಕು? ಮೇ ತಿಂಗಳಲ್ಲಿ ಊರಿಗೆ ಹೋದಾಗ ಬಸ್ಸಿನ ಸುಸ್ತು ಎಂದೆ, ಮರುವರ್ಷ ಸೆಕೆ ಎಂದೆ. ಅದರ ಮರುವರ್ಷ ಏನೂ ಹೇಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದೆ. ಸಾಂತಾಕ್ರೂಜ್ ಸ್ಟೇಷನ್ನಿನ ಹೊರಗೆ ಡೇರೆ ಹಾಕಿದ್ದವನ ಹತ್ತಿರ ಬೇರು ತಂದು ಹಾಲಿನಲ್ಲಿ ಕುದಿಸಿ ಕುಡಿದೆ, ಉಡದ ಎಣ್ಣೆ ಹಚ್ಚಿದೆ. ಹೊಟ್ಟೆ ಕೆಟ್ಟಿತು, ಅಂಗಿ ನಾರಿತು, ಅದರಿಂದ ಬೇರೆ ಪ್ರಯೋಜನ ಆಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಇವಳು ಮಲಾಡಿನ ಚಾಳಿನ ನನ್ನ ಒಂದು ಕೋಣೆಗೆ ಬಂದಳು. ಹಸಿರು ಬಣ್ಣದ ತಗಡಿನ ಟ್ರಂಕು ತಂದು ಮಂಚದ ಕೆಳಗೆ ತಳ್ಳಿದಳು. ಮಳೆಗಾಲ ಶುರುವಾಯಿತು. ಒಂದು ಬೆಳಿಗ್ಗೆ ದೋಸೆ ಹಾಕುತ್ತ, ಕಾವಲಿಯಿಂದ ಕಣ್ಣೆತ್ತದೆ ಹೇಳಿದಳು:

"ದೀಪಾವಳಿ ಕಳೆದ ಮೇಲೆ ನಾನು ಊರಿಗೆ ಹೋಗ್ತೇನೆ. ಇಲ್ಲಿ ನನಗೆ ಎಂತ ಕೆಲಸ? ನಿಮಗೆ ಇಲ್ಲಿ ಬೇರೆ ಯಾರೋ ಇದ್ದಾರೆ. ಇದ್ದರೆ ಹೇಳಿ, ಜಗಳ ಮಾಡುವುದಿಲ್ಲ."

ನನ್ನ ಬಾಯಿ ಕಟ್ಟಿತು. ನನಗೆ ಮಾತು ಬರುವುದಿಲ್ಲ ಎಂದಲ್ಲ. ನಾನು ಆಡುವ ಕನ್ನಡ, ಅಜ್ಜ ಮತ್ತು ದೊಡ್ಡಪ್ಪಂದಿರು ಜಗಲಿಯಲ್ಲಿ ಕೂತು ಕೊಟ್ಟದ್ದು. ಗಲ್ಲದಲ್ಲಿ ಕೂತು ಗಿರಾಕಿಯನ್ನು ಮಾತಿನಲ್ಲೇ ಇನ್ನೊಂದು ಕಾಫಿಗೆ ಕೂರಿಸುತ್ತಿದ್ದೆ. ಆದರೆ ಆ ಹಿರಿಯರು ಯಾರೂ ತಮ್ಮ ಹೆಂಡತಿಗೆ ಈ ವಿಷಯ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಎಲ್ಲಿಂದ ಶುರು ಮಾಡುವುದು? ಕೊನೆಗೆ ನಮ್ಮ ಸಕ್ಕರೆ ನೋಡುವ ಡಾಕ್ಟರರ ಹತ್ತಿರ ಅವಳನ್ನು ಕರೆದುಕೊಂಡು ಹೋಗಿ ಅವರ ಬಾಯಿಂದ ಹೇಳಿಸಿದೆ. ಇವಳು ಮೊದಲು ದೊಡ್ಡ ಉಸಿರು ಬಿಟ್ಟಳು. ಬೇರೆ ಯಾರೂ ಇಲ್ಲ ಎನ್ನುವ ಉಸಿರು ಅದು. ಮೆಟ್ಟಿಲು ಇಳಿಯುವಾಗ ಸಿಟ್ಟು ಬಂತು. "ಇಷ್ಟು ವರ್ಷ ಬಾಯಲ್ಲಿ ಎಂತ ಇಟ್ಟುಕೊಂಡಿದ್ದಿರಿ?"

ಆ ಡಾಕ್ಟರರೇ ಈ ಸರ್ಜನ್ನರ ಹತ್ತಿರ ಕಳಿಸಿದ್ದು. ಕಡ್ಡಿ ನೋಡಿ ಬಂದ ಸಂಜೆ ನಾನು ಕೇಳಿದೆ, "ನಿನಗೆ ಏನನಿಸ್ತದೆ?"

"ನಿಮಗೆ?"

"ನನಗೆ ಗೊತ್ತಿಲ್ಲ. ನಿನಗೆ ಬೇಕಾ?"

"ಕೊಯ್ಯುವುದು ನಿಮ್ಮ ಮೈಯನ್ನು. ನನ್ನನ್ನು ಕೇಳಿದರೆ?"

ಬೇಕು ಎಂದು ಅವಳು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಟ್ರಂಕಿನಲ್ಲಿ ಸೀರೆಗಳು ಮಡಿಸಿಟ್ಟ ಹಾಗೆಯೇ ಇದ್ದವು. ಅವಳು ಇರುತ್ತಾಳೋ ಹೋಗುತ್ತಾಳೋ ಎನ್ನುವುದು ನನಗೆ ತಿಳಿಯಲಿಲ್ಲ. ಆಪರೇಶನ್ನಿಗೆ ಒಪ್ಪಿದ್ದು ಅವಳಿಗಾಗಿಯೋ ನನಗಾಗಿಯೋ ಅದೂ ತಿಳಿಯಲಿಲ್ಲ. ಇವತ್ತು ಕೇಳಿದರೂ ಸರಿಯಾಗಿ ಹೇಳಲಾರೆ.

ಹೋಟೆಲಿನಲ್ಲಿ ಹರ್ನಿಯಾ ಎಂದು ಹೇಳಿದ್ದೆವು. ಅದು ಸುಲಭದ ಸುಳ್ಳು. ನಮ್ಮ ಕಸುಬಿನಲ್ಲಿ ಹಂಡೆ ಎತ್ತಿ, ಹಿಟ್ಟಿನ ಕೊಪ್ಪರಿಗೆ ಇಳಿಸಿ ಅರ್ಧ ಜನರಿಗೆ ಅದು ಇದ್ದದ್ದೇ. ಗಲ್ಲದ ಮೇಲೆ ಕೂರುವವನಿಗೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಹೇಳದೆ ಬಿಟ್ಟಿದ್ದರೆ ಇನ್ನೂ ಕಷ್ಟವಿತ್ತು. ಎಮರ್ಜೆನ್ಸಿ ಮುಗಿದ ಹೊಸತು ಅದು. ಗಂಡಸು ಸೊಂಟದ ಕೆಳಗಿನ ಆಪರೇಶನ್ನಿಗೆ ಹೋದ ಎಂದರೆ ಜನ ತಿಳಿದುಕೊಳ್ಳುತ್ತಿದ್ದದ್ದು ಒಂದೇ, ಸಂತಾನಹರಣ ಮಾಡಿಸಿಕೊಂಡು ಸರಕಾರದ ಬಹುಮಾನ ತಂದ ಎಂದು. ಅಷ್ಟಾದರೂ ಆಸ್ಪತ್ರೆಗೆ ಎಳನೀರು ಹಿಡಿದುಕೊಂಡು ಬಂದ ಸಪ್ಲಾಯರನೊಬ್ಬ ಕೇಳಿಯೇ ಬಿಟ್ಟ:

"ಅಣ್ಣ, ಟ್ರಾನ್ಸಿಸ್ಟರ್ ಕೊಟ್ಟರಾ ಇಲ್ಲ ತುಪ್ಪದ ಡಬ್ಬವಾ?"

"ಹರ್ನಿಯಾ ಮಾರಾಯ," ಎಂದೆ. ನಗಲಾಗಲಿಲ್ಲ, ಹೊಲಿಗೆ ಎಳೆಯುತ್ತಿತ್ತು.

ಅವನ ಜೊತೆ ಬಂದಿದ್ದವರು ನಮ್ಮ ಹೋಟೆಲಿನ ಹಿರಿಯ ಅಡುಗೆ ಭಟ್ಟರು. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾದವರು, ಹೋಟೆಲಿನ ಅಟ್ಟದ ಮೇಲೆಯೇ ಮಲಗುವವರು. ಅವರಿಗೆ ನಿಜವಾದ ಹರ್ನಿಯಾ ಇತ್ತು. ಬೆಲ್ಟು ಬಿಗಿದುಕೊಂಡು ಸಾಂಬಾರು ಮಾಡುತ್ತಿದ್ದರು.

"ಯಾವ ಬದಿ?" ಎಂದು ಕೇಳಿದರು ಭಟ್ಟರು.

"ಎಡ," ಎಂದೆ ನಾನು. ಅದೇ ಹೊತ್ತಿಗೆ ಇವಳು "ಬಲ" ಎಂದಳು.

ಭಟ್ಟರು ನಮ್ಮಿಬ್ಬರನ್ನೂ ನೋಡಿದರು.

"ಎರಡೂ ಬದಿ," ಎಂದಳು ಇವಳು. ಎರಡು ಕಡ್ಡಿ ಇಟ್ಟದ್ದರಿಂದ ಆ ಮಾತು ನಿಜವೇ ಆಗಿತ್ತು.

ಮತ್ತೆ ಕೆಲಸಕ್ಕೆ ಹೋದಾಗ ಬೇರೆಯೇ ಗೊಂದಲ. ಗಲ್ಲದವನು ಆಗೆಲ್ಲ ತೆಳು ಮಲ್ಲಿನ ಪಂಚೆ ಉಟ್ಟೇ ಕೂರುವುದು. ಶುಕ್ರವಾರ ಸಂಜೆ ಲಕ್ಷ್ಮಿಯ ಪಟಕ್ಕೆ ಮಂಗಳಾರತಿ ಎತ್ತುವವನೂ ಅವನೇ, ಅಂಗಿ ಕಳಚಿ, ಇಡೀ ಹೋಟೆಲಿನ ಎದುರು. ಡಾಕ್ಟರರು ಹೇಳಿದ ಹಾಗೆ ಬಗ್ಗಿಸಿ ಇಟ್ಟುಕೊಂಡರೂ, ಕೂತು ಎದ್ದಾಗ ಅದು ತನ್ನ ಮನಸ್ಸಿಗೆ ಬಂದ ಹಾಗೆ ತಿರುಗುತ್ತಿತ್ತು. ನಾನು ಪ್ಯಾಂಟು ಹೊಲಿಸಿದೆ, ಅಂಗಿಯನ್ನು ಹೊರಗೆ ಬಿಟ್ಟೆ. ಆರತಿಯ ತಟ್ಟೆಯನ್ನು ಭಟ್ಟರ ಕೈಗೆ ಕೊಟ್ಟೆ.

"ಹರ್ನಿಯಾ ತೆಗೆದರೆ ಪ್ಯಾಂಟು ಬರ್ತದಾ?" ಎಂದು ಒಳಗಿನಿಂದ ಯಾರೋ ಕೂಗಿದರು.

"ನಾಳೆ ಟೈ ಬರ್ತದೆ ನೋಡು!"

ಲೋಕಲ್‌ನಲ್ಲಿ ನಾನು ಜನರ ಗಿರ್ದಿಗೆ ಬೆನ್ನು ಕೊಟ್ಟು, ಡಬ್ಬಿಯ ಮೂಲೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಮೈ ನನ್ನದು, ಒಳಗಿರುವುದು ಅಮೆರಿಕಾದ್ದು. ಮಾತು ಕೇಳದ ಬಿಡಾರದವನೊಬ್ಬನನ್ನು ಮನೆಯೊಳಗೆ ಸೇರಿಸಿಕೊಂಡ ಹಾಗಿತ್ತು.

ಹೊಲಿಗೆ ಪೂರ್ತಿ ಮಾಗಿದ ಮೇಲೆ, ನನ್ನ ವಾರದ ರಜೆಯ ಒಂದು ಮಧ್ಯಾಹ್ನ, ಚಾಳಿನ ಹೆಂಗಸರೆಲ್ಲ ಹಪ್ಪಳ ಒಣಗಿಸಲು ತಾರಸಿಗೆ ಹೋಗಿದ್ದಾಗ, ಇವಳು ಬಾಗಿಲಿನ ಚಿಲಕ ಹಾಕಿದಳು. ಮುಂದಿನದನ್ನು ವಿವರಿಸುವುದಿಲ್ಲ. ಕೆಲಸ ಆಯಿತು. ಡಾಕ್ಟರರು ಹೇಳಿದ್ದು ಸುಳ್ಳಲ್ಲ. ಆದರೆ ಅದರ ನಡುವೆ ಇಬ್ಬರಿಗೂ ನಗು ಬಂತು, ನಗು ನಿಂತ ಮೇಲೆ ಇಬ್ಬರಿಗೂ ಏನು ಮಾಡುವುದೆಂದು ತಿಳಿಯದೆ ಸೂರು ನೋಡುತ್ತ ಮಲಗಿದ್ದೆವು.

"ಒಂದು ಕೇಳ್ತೇನೆ," ಎಂದಳು. "ನಿಮಗೆ ನನ್ನ ಮೇಲೆ ಮನಸ್ಸು ಉಂಟು ಅಂತ ನನಗೆ ಗೊತ್ತಾಗುವುದು ಹೇಗೆ?"

"ಅಂದರೆ?"

"ಮೊದಲಾದರೆ ಮೈ ಹೇಳ್ತಿತ್ತು. ನಡುವೆ ಮೈ ಇಲ್ಲ ಅಂತು, ನಾನು ನಿಮಗೆ ಮನಸ್ಸಿಲ್ಲ ಅಂತ ತಿಳಕೊಂಡೆ. ಅದು ತಪ್ಪಾಯ್ತು. ಈಗ ಅದು ಯಾವಾಗ ನೋಡಿದರೂ ಹೌದು ಅನ್ನುತ್ತದೆ. ದೇವಸ್ಥಾನದಲ್ಲೂ ಹೌದು, ಟ್ರೇನಿನಲ್ಲೂ ಹೌದು. ಅದರ ಮಾತು ನಾನು ಹೇಗೆ ನಂಬಲಿ?"

ನಾನು ಹೊದಿಕೆ ಎಳೆದುಕೊಂಡೆ.

"ಇನ್ನು ಮೇಲೆ ನೀವೇ ಬಾಯಿಬಿಟ್ಟು ಹೇಳಬೇಕು," ಎಂದು ಎದ್ದು, ಸೆರಗು ಸಿಕ್ಕಿಸಿಕೊಂಡು, ಚಹಾಕ್ಕೆ ನೀರಿಟ್ಟಳು. ನಾನು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದೆ. "ಸಕ್ಕರೆ ಹಾಕಬೇಡ," ಎಂದೆ.

ಮಂಚದ ಕೆಳಗೆ ಟ್ರಂಕು ಇತ್ತು. ದೀಪಾವಳಿಗೆ ಹೆಚ್ಚು ದಿನ ಇರಲಿಲ್ಲ.

ಆ ವಾರವೇ ಭಟ್ಟರು ಗಲ್ಲದ ಹತ್ತಿರ ಬಂದು ನಿಂತರು. "ಬೆಲ್ಟು ಸಾಕಾಯ್ತು. ನಿಮ್ಮ ಡಾಕ್ಟರರ ಹತ್ತಿರ ನನ್ನನ್ನೂ ಕರಕೊಂಡು ಹೋಗಿ. ಎರಡೂ ಬದಿ ಮಾಡಿ ಇಷ್ಟು ಬೇಗ ಎಬ್ಬಿಸಿದವರು ಬೇರೆ ಯಾರಿದ್ದಾರೆ?"

ಬೇರೆ ಡಾಕ್ಟರರ ಹೆಸರು ಹೇಳಿದೆ, ನಮ್ಮ ಸರ್ಜನ್ನರು ತುಂಬ ಬಿಜಿ ಎಂದೆ, ಮುಂಗೋಪಿ ಎಂದೆ. ಭಟ್ಟರು ಕೇಳಲಿಲ್ಲ. ನನ್ನನ್ನು ಕರೆದುಕೊಂಡೇ ಹೊರಟರು. ಮತ್ತೆ ಅದೇ ಕೋಣೆ, ಅದೇ ನರ್ಸಮ್ಮ. ಈ ಸಲ ನನ್ನ ಹೆಂಡತಿಯ ಕುರ್ಚಿಯಲ್ಲಿ ಭಟ್ಟರು.

ಜೀವಮಾನವಿಡೀ "ಆ ಟೇಬಲಿನವರಿಗೆ ಕೊಟ್ಟದ್ದೇ ನಮಗೂ" ಎಂಬ ಆರ್ಡರು ಕೇಳಿದವರು ಅವರು. ಹಾಗಾಗಿ ಕಾಯಿಲೆ ಹೇಳುವ ಗೋಜಿಗೇ ಹೋಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ ಹೇಳಿದರು, "ಇವರಿಗೆ ಮಾಡಿದ್ದನ್ನೇ ನನಗೂ ಮಾಡಿ."

ನರ್ಸಮ್ಮ ಹಾಗೆಯೇ ದಾಟಿಸಿದರು. ಡಾಕ್ಟರರು ಕನ್ನಡಕ ತೆಗೆದರು.

"ಮನೆಯಲ್ಲಿ ಹೆಂಡತಿ?"

"ಅವಳು ಹೋಗಿ ಎಷ್ಟೋ ಕಾಲವಾಯ್ತು."

"ಮತ್ತೆ ಈಗ ಯಾಕೆ ಬೇಕು?"

"ಇದೆಂತ ಪ್ರಶ್ನೆ ಮಾರಾಯ್ರೆ! ಬೆಳಿಗ್ಗೆಯಿಂದ ರಾತ್ರಿವರೆಗೆ ಅದರ ಮೇಲೆ ಭಾರ ಬೀಳ್ತದೆ. ಹಂಡೆ ಎತ್ತುವವನಿಗೆ ಬೇಡವಾ?"

ನರ್ಸಮ್ಮ ಮತ್ತೆ ಪರದೆಯ ಕಡೆ ಹೋದರು. ಅವರ ಭುಜ ಅಲುಗುತ್ತಿತ್ತು. ಡಾಕ್ಟರರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಒಳ್ಳೆಯ ಮನುಷ್ಯ, ನನ್ನ ಗುಟ್ಟು ಬಿಡದೆ ಭಟ್ಟರನ್ನು ಮಲಗಿಸಿ ಪರೀಕ್ಷೆ ಮಾಡಿದರು. ನಿಮಗೆ ಬೇರೆ ಥರದ ಹರ್ನಿಯಾ, ಅದಕ್ಕೆ ನನ್ನ ಸ್ನೇಹಿತರೇ ಸರಿ ಎಂದು ಚೀಟಿ ಬರೆದುಕೊಟ್ಟರು.

ವಾಪಸು ಬರುವಾಗ ಲೋಕಲ್‌ನಲ್ಲಿ ಭಟ್ಟರು ಎರಡು ಸ್ಟೇಷನ್ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಎಂದಿನ ಹಾಗೆ ಮೂಲೆಗೆ ಮುಖ ಮಾಡಿ ನಿಂತಿದ್ದೆ. ಆಮೇಲೆ ನನ್ನ ಕಿವಿಯ ಹತ್ತಿರ ಹೇಳಿದರು:

"ಹರ್ನಿಯಾ ಅಲ್ಲ ಅಲ್ಲವಾ?"

"ಅಲ್ಲ," ಎಂದೆ.

"ಮನೆಯವರಿಗೆ ಗೊತ್ತುಂಟಾ?"

"ಉಂಟು."

"ಮತ್ತೆ ಎಂತಕ್ಕೆ ಈ ಮುಖ?"

"ಅವಳು ದೀಪಾವಳಿ ಕಳೆದ ಮೇಲೆ ಊರಿಗೆ ಹೋಗ್ತೇನೆ ಅಂದಿದ್ದಳು. ಈಗ ಹೋಗ್ತಾಳೋ ಇಲ್ಲವೋ ಗೊತ್ತಿಲ್ಲ."

"ಹೋಗಬೇಡ ಅಂತ ಹೇಳಿದಿರಾ?"

ಯೋಚಿಸಿ ನೋಡಿದೆ. ಡೇರೆಯವನಿಗೆ ಹೇಳಿದ್ದೆ, ಡಾಕ್ಟರರಿಗೆ ಹೇಳಿದ್ದೆ, ಮೈ ಕೊಯ್ಯಿಸಿಕೊಂಡಿದ್ದೆ. ಅವಳಿಗೆ ಹೋಗಬೇಡ ಎಂದು ಮಾತ್ರ ಹೇಳಿರಲಿಲ್ಲ. ಭಟ್ಟರು ಇನ್ನೇನೂ ಕೇಳದೆ ಪಾರ್ಲೆಯಲ್ಲಿ ಇಳಿದು ಹೋದರು. ಹೋಟೆಲಿನಲ್ಲಿ ಯಾರಿಗೂ ಅವರು ಯಾವತ್ತೂ ಹೇಳಲಿಲ್ಲ.

ನಾನು ಮಲಾಡಿನಲ್ಲಿ ಇಳಿದೆ. ಇವಳು ನಲ್ಲಿಯ ಹತ್ತಿರ ಕೊಡ ಹಿಡಿದು ಕ್ಯೂನಲ್ಲಿದ್ದಳು. ಹಿಂದೆ ಮುಂದೆ ಚಾಳಿನ ಹೆಂಗಸರು. ಮನೆ ಸೇರುವ ತನಕ ಕಾದರೆ ಮತ್ತೆ ಬಾಯಿ ಕಟ್ಟುತ್ತದೆ ಎನಿಸಿ ಅಲ್ಲೇ ಹೇಳಿದೆ:

"ನೀನು ಊರಿಗೆ ಹೋಗಬೇಡ. ನೀನು ಇಲ್ಲಿ ಇರಬೇಕು ಅಂತ ನನಗೆ ಆಸೆ."

ಕನ್ನಡ ಬಾರದ ಹೆಂಗಸರೂ ತಿರುಗಿ ನೋಡಿದರು. ಇವಳು "ಕೊಡ ಹಿಡ್ಕೊಳ್ಳಿ," ಎಂದಳು. ಅದಕ್ಕೇನು ಅರ್ಥವೆಂದು ನನಗೆ ಆಗ ತಿಳಿಯಲಿಲ್ಲ. ಹಿಡಿದುಕೊಂಡೆ.

ದೀಪಾವಳಿಯ ಹೊತ್ತಿಗೆ ಭಟ್ಟರ ಆಪರೇಶನ್ ಆಯಿತು. ಅಟ್ಟ ಹತ್ತುವ ಹಾಗಿರಲಿಲ್ಲ, ನೋಡಿಕೊಳ್ಳುವವರೂ ಇರಲಿಲ್ಲ. ಇವಳೇ ಅವರನ್ನು ನಮ್ಮ ಕೋಣೆಗೆ ಕರೆಸಿಕೊಂಡಳು. ಅವರ ಬಟ್ಟೆ ಇಡಲು ಜಾಗ ಸಾಲಲಿಲ್ಲ. ಮಂಚದ ಕೆಳಗಿನಿಂದ ಟ್ರಂಕು ಎಳೆದು, ತನ್ನ ಸೀರೆಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಶೆಲ್ಫಿನಲ್ಲಿ ಜೋಡಿಸಿ, ಖಾಲಿ ಟ್ರಂಕನ್ನು ಭಟ್ಟರ ಚಾಪೆಯ ಪಕ್ಕ ಇಟ್ಟಳು. ಗುಣವಾದ ಮೇಲೆ ಭಟ್ಟರು ಕೆಲಸ ಬಿಟ್ಟು ಊರಿಗೆ ಹೊರಟರು. ಇವಳು ಅವರಿಗೇ ಕೊಟ್ಟುಬಿಟ್ಟ ಆ ಹಸಿರು ಟ್ರಂಕನ್ನು ಬಸ್ಸಿನ ಮೇಲೆ ಹತ್ತಿಸಿ ಬಂದವನು ನಾನೇ.