ಮೊದಲು ನೋಡು, ಆಮೇಲೆ ಅಳಿಸು

ನರಸಾಪುರದ ಕಾರ್ಖಾನೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸವನ್ನು ನನಗೆ ಕಲಿಸಿದ ಮೇಡಂ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದರು. ಸರ್ವರ್ ಕೋಣೆಯ ಏಸಿ ಅಷ್ಟು ಕೊರೆಯುತ್ತಿತ್ತು. ಅಲ್ಲಿದ್ದವರು ನಾವಿಬ್ಬರೇ. ನಾನು ಕೆಲಸ ಮಾಡುವಾಗ ಅವರು ಕೈ ಹಿಂದೆ ಕಟ್ಟಿಕೊಂಡು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಏನಾದರೂ ಅಳಿಸಬೇಕಾದಾಗ ಮುಳಬಾಗಿಲಿನ ತೆಲುಗು ಬೆರೆಸಿ ಒಂದೇ ಮಾತು: “ಚೂಡಮ್ಮಾ, ಮೊದ್ಲು ನೋಡು. ಆಮೇಲೆ ಅಳಿಸು.”

ಎರಡನೇ ವಾರ ನಾನು ನೋಡದೆ ಅಳಿಸಿದೆ. ಕೆಲಸ ಬಿಟ್ಟ ಒಬ್ಬನ ಹೆಸರು ತೆಗೆಯಲು ಹೋಗಿ ಇಡೀ ವಿಭಾಗದ ಹೆಸರುಗಳನ್ನೇ ತೆಗೆದಿದ್ದೆ. ಆ ವಿಭಾಗದ ಮಧ್ಯಾಹ್ನದ ಪಾಳಿಯವರು ಬಸ್ಸಿಳಿದು ಬಂದರೆ ಗೇಟಿನಲ್ಲಿ ಯಾರ ಕಾರ್ಡೂ ಕೆಲಸ ಮಾಡಲಿಲ್ಲ. ಮೇಡಂ ಬೈಯಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು ಬೆಳಗಿನ ಬ್ಯಾಕಪ್‌ನಿಂದ ಎಲ್ಲವನ್ನೂ ವಾಪಸ್ ತಂದರು. ಆಮೇಲೆ ಎದ್ದು ನಿಂತು, “ಈಗ ಆ ಒಬ್ಬನ್ನ ನೀನೇ ತೆಗಿ,” ಅಂದರು.

ಹಬ್ಬದ ಹಿಂದಿನ ದಿನ ನನ್ನನ್ನು ಬೇಗ ಕಳಿಸುತ್ತಿದ್ದರು. “ನಾನೂ ನಾಳೆ ಊರಿಗೆ ಹೋಗ್ತೀನಿ ಕಣೇ. ನೀನು ನಿಮ್ಮೂರಿಗೆ ಹೋಳೂರು ಬಸ್ ಹಿಡಿ.”

ಅವರು ಕೆಲಸ ಬಿಟ್ಟು ಹೋದ ಮರುದಿನ, ಅವರ ಲಾಗಿನ್ ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕಲಿಸಿದಂತೆ ಮೊದಲು ನೋಡಿದೆ. ಅವರು ಲಾಗಿನ್ ಆದ ತಾರೀಖುಗಳೆಲ್ಲ ಪರದೆಯ ಮೇಲೆ ಸಾಲಾಗಿ ಬಂದವು. ಯುಗಾದಿ, ಗೌರಿ ಹಬ್ಬ, ದೀಪಾವಳಿ. ಎಲ್ಲ ಹಬ್ಬದ ದಿನವೂ ಮೇಡಂ ಬೆಳಗ್ಗೆಯಿಂದ ಸಂಜೆಯವರೆಗೆ ಇಲ್ಲೇ ಇದ್ದರು.

ಹಿಂದೆ ತಿರುಗಿದೆ. ಯಾರೂ ಇರಲಿಲ್ಲ. “ನೋಡಿದೆ ಮೇಡಂ,” ಅಂತ ಗಟ್ಟಿಯಾಗಿ ಹೇಳಿ, ಅಳಿಸಿದೆ.